ಆಟಿಯಲ್ಲಿ ಬಣ್ಣ ಬಿಟ್ಟ ಎಲೆಗಿಡಗಳು: ಮಣಿಪಾಲದ ಒಂದು ಮನೆಯ ಪ್ರಕರಣ

ಮಣಿಪಾಲದಿಂದ ಪರ್ಕಳಕ್ಕೆ ಹೋಗುವ ಬದಿಯಲ್ಲಿ, ಗುಡ್ಡೆ ಕಡಿದು ಸಮ ಮಾಡಿದ ಜಾಗದಲ್ಲಿ ಒಂದು ಹೊಸ ಮನೆ. ಮನೆಯೊಡತಿ ನಿವೃತ್ತ ಶಿಕ್ಷಕಿ. ಸುತ್ತಲಿನವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಜನವರಿಯಲ್ಲಿ ಮಂಗಳೂರಿನ ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆ ಎಲೆಗಿಡಗಳ ಹುಚ್ಚು ಹಿಡಿಯಿತು. ಫೆಬ್ರವರಿಯ ಗೃಹಪ್ರವೇಶಕ್ಕೆ ಅಂತ ಹತ್ತಿರದ ನರ್ಸರಿಗಳಿಂದ ಒಂದು ಟೆಂಪೊ ತುಂಬ ಗಿಡ ತರಿಸಿದರು. ಹೂವಿನ ಗಿಡ ಬೇಡವೇ ಬೇಡ ಎಂದು ಹಟ. ಹೂವಾದರೆ ಎರಡು ವಾರ, ಎಲೆಯಲ್ಲೇ ಬಣ್ಣ ಇದ್ದರೆ ವರ್ಷವಿಡೀ ಅಲ್ವಾ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ನಮ್ಮ ಊರಿನ ವರ್ಷದಲ್ಲಿ ನಾಲ್ಕು ತಿಂಗಳು ಮಳೆಯದ್ದು. ಉಡುಪಿಯ ಸುತ್ತಮುತ್ತ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ.

ಮೇ ತಿಂಗಳವರೆಗೆ ಅಂಗಳ ಚಂದ ಇತ್ತು. ಬಂದವರೆಲ್ಲ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರಂತೆ. ಆಟಿ ತಿಂಗಳ ನಡುವೆ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತುಳು ತಿಂಗಳಲ್ಲಿ, ನನಗೆ ಫೋನ್ ಬಂತು. “ಕ್ರೋಟನ್ ಎಲ್ಲ ಬೋಳಾಗ್ತಾ ಉಂಟು ಮಾರಾಯ್ರೆ. ಉಳಿದ ಎಲೆಯೂ ಬರೀ ಹಸಿರು. ಗೊಬ್ಬರ ಎಂತ ಹಾಕುದು ಹೇಳಿ.”

ಗಿಡ ಸೊರಗಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಗೊಬ್ಬರವೇ. ನೋಡದೆ ಏನೂ ಹಾಕಬೇಡಿ ಎಂದೆ. ಅಷ್ಟರಲ್ಲಿ ಅವರು ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ 19:19:19 ಗೊಬ್ಬರ ಎರಡು ಸಲ ಹಾಕಿ ಆಗಿತ್ತು.

ಅಲ್ಲಿ ಇದ್ದದ್ದು

ಕುಂಡಗಳು ಮೂವತ್ತರ ಹತ್ತಿರ. ಅರ್ಧಕ್ಕರ್ಧ ಕ್ರೋಟನ್: ಅಗಲ ಎಲೆಯ ಪೆಟ್ರಾ, ಹಳದಿ ಚುಕ್ಕಿಯ ಗೋಲ್ಡ್ ಡಸ್ಟ್, ಸಪೂರ ಎಲೆಯವು, ತಿರುಚಿದ ಎಲೆಯವು, ಹೆಸರು ಯಾರಿಗೂ ಗೊತ್ತಿಲ್ಲದ ಇನ್ನೂ ಕೆಲವು. ಉಳಿದವು ಕೋಲಿಯಸ್, ಕೆಲಾಡಿಯಂ, ಮತ್ತೆ ಮೂರು ಕೆಂಪು ಅಗ್ಲೋನಿಮಾ. ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಕಿಸಿದ್ದರು. ಕಂಪೌಂಡಿನ ಉದ್ದಕ್ಕೆ ಎರಡಡಿ ಅಗಲದ ಪಾತಿ ಮಾತ್ರ ಬಿಟ್ಟಿದ್ದರು. ಪಾತಿಯಲ್ಲಿ ಕಾರ್ಡಿಲೈನ್, ಅಕಲಿಫಾ, ಅಂಚಿಗೆ ಸಾಲಾಗಿ ರಿಯೋ.

ಕ್ರೋಟನ್‌ಗಳೆಲ್ಲ ಮನೆಯ ಪಕ್ಕದಲ್ಲಿ ಹಸಿರು ನೆರಳುಬಲೆಯ ಕೆಳಗೆ ಇದ್ದವು. ಬಲೆ 75 ಶೇಕಡದ್ದು. ಬಿಸಿಲಿಗೆ ಎಲೆ ಸುಡುತ್ತದೆ ಎಂದು ಯಾರೋ ಹೇಳಿದ್ದರಂತೆ. ಅಗ್ಲೋನಿಮಾ ಗೇಟಿನ ಎರಡು ಕಂಬಗಳ ಮೇಲೆ ಮತ್ತು ಮೆಟ್ಟಿಲ ಬುಡದಲ್ಲಿ. ಚಂದಕ್ಕೆ ಅಂತ ಇಟ್ಟದ್ದು. ಎಲ್ಲ ಕುಂಡದ ಅಡಿಗೂ ಒಂದೊಂದು ಪ್ಲಾಸ್ಟಿಕ್ ತಟ್ಟೆ. ಹೊಸ ಇಂಟರ್‌ಲಾಕ್ ಮೇಲೆ ಕೆಂಪು ಕಲೆ ಆಗಬಾರದು ಎಂದು ಯಜಮಾನರ ಕಟ್ಟಪ್ಪಣೆ.

ಕುಂಡ ಮಗುಚಿದಾಗ

ಮೊದಲು ಒಂದು ಪೆಟ್ರಾ ಗಿಡದ ತೊಗಟೆಯನ್ನು ಉಗುರಿನಲ್ಲಿ ಕೆರೆದು ನೋಡಿದೆ. ಒಳಗೆ ಹಸಿರು ಇತ್ತು. ಹಾಗಾದರೆ ಕಾಂಡಕ್ಕೆ ಇನ್ನೂ ಜೀವ ಇದೆ. ಬುಡದ ಕಡೆಗೆ ಬಂದಂತೆ ಮಾತ್ರ ಕಂದು ಬಣ್ಣ. ಕುಂಡ ಮಗುಚಿದೆವು. ಹೊರಗಿನ ಸುತ್ತು ಬರೀ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್. ಹಿಂಡಿದರೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದರ ನಡುವೆ ಮುಷ್ಟಿ ಗಾತ್ರದ ಅಂಟು ಕಪ್ಪು ಮಣ್ಣಿನ ಉಂಡೆ. ಬೇರೆಲ್ಲ ಆ ಉಂಡೆಯೊಳಗೇ. ಹೊರಗೆ ಬಂದದ್ದು ಎರಡು ಮೂರು ಎಳೆ, ಅವೂ ಕೊಳೆತಿದ್ದವು. ಎಳೆದರೆ ಸಿಪ್ಪೆ ಕೈಗೆ ಬರುತ್ತಿತ್ತು, ಒಳಗೆ ದಾರದಂಥ ನಾರು ಮಾತ್ರ ಉಳಿಯುತ್ತಿತ್ತು. ಬೇರುಕೊಳೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಆ ಕಪ್ಪು ಉಂಡೆಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಮಾರಾಟವಾಗುವ ಅಲಂಕಾರದ ಗಿಡಗಳಲ್ಲಿ ಎಷ್ಟೋ ಪಾಲು ಹೊರಗಿನಿಂದ ಲಾರಿಯಲ್ಲಿ ಬರುವುದು. ಆಂಧ್ರದ ಗೋದಾವರಿ ಬದಿಯ ಕಡಿಯಂ ಇದಕ್ಕೆ ಹೆಸರಾದ ಊರು. ನದಿ ಬದಿಯ ಜಿಗುಟು ಮಣ್ಣಿನಲ್ಲಿ ಬೆಳೆಸಿದ ಗಿಡದ ಉಂಡೆ ಒಡೆಯುವುದಿಲ್ಲ. ದೂರದ ಪ್ರಯಾಣಕ್ಕೆ ಅದು ಅನುಕೂಲ. ಅಲ್ಲಿನ ಹವೆಗೆ ಆ ಮಣ್ಣು ಸರಿಯೇ. ಆದರೆ ಅದೇ ಉಂಡೆಯನ್ನು ಕೋಕೋಪೀಟ್ ಒಳಗೆ ಹೂತು, ನಮ್ಮ ಜೂನ್ ಮಳೆಗೆ ಇಟ್ಟರೆ ಕಥೆ ಬೇರೆ. ಕೋಕೋಪೀಟ್ ನೀರು ಹಿಡಿದಿಡುತ್ತದೆ, ಜಿಗುಟು ಮಣ್ಣು ಗಾಳಿ ಬಿಡುವುದಿಲ್ಲ, ಅಡಿಯ ತಟ್ಟೆ ನೀರು ಇಳಿಯಲು ಬಿಡುವುದಿಲ್ಲ. ಬೇರಿಗೂ ಗಾಳಿ ಬೇಕು. ಗಾಳಿ ಇಲ್ಲದ ಒದ್ದೆಯಲ್ಲಿ ಪಿಥಿಯಂ, ಫೈಟಾಫ್ತೊರಾದಂಥ ರೋಗಾಣುಗಳಿಗೆ ಹಬ್ಬ. ಅಡಿಕೆಗೆ ಕೊಳೆರೋಗ ತರುವುದೂ ಫೈಟಾಫ್ತೊರಾ ಕುಲವೇ. ಆದ್ದರಿಂದ ಈ ಸಂಗತಿ ಟೀಚರಿಗೆ ಬೇಗ ಅರ್ಥವಾಯಿತು. ಅವರ ತವರಿನಲ್ಲಿ ಅಡಿಕೆ ತೋಟ ಇದೆ.

ಇನ್ನೊಂದು ವಿಷಯ. ಒಂದೊಂದು ಕುಂಡದ ತಳದಲ್ಲೂ ನಾಲ್ಕು ಬೆರಳು ಎತ್ತರಕ್ಕೆ ಹಂಚಿನ ಚೂರು ತುಂಬಿಸಿದ್ದರು. ನೀರು ಚೆನ್ನಾಗಿ ಬಸಿಯಲಿ ಅಂತ. ಇದು ಮನೆಮನೆಯಲ್ಲೂ ಇರುವ ನಂಬಿಕೆ. ನಿಜಕ್ಕೂ ಆಗುವುದು ಉಲ್ಟಾ. ನುಣುಪು ಮಣ್ಣಿನಿಂದ ನೀರು ಒರಟು ಚೂರುಗಳಿಗೆ ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದ ಮೇಲೆಯೇ ಇಳಿಯುವುದು. ಹಾಗಾಗಿ ಯಾವಾಗಲೂ ಒದ್ದೆಯಾಗಿರುವ ಆ ಪದರ ತಳದಲ್ಲಿ ಇರುವ ಬದಲು ನಾಲ್ಕು ಬೆರಳು ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ. ತೂತಿನ ಮೇಲೆ ಒಂದು ಚೂರು ಸಾಕು. ಬಾಕಿ ಚೂರುಗಳ ಜಾಗ ಕುಂಡದ ಒಳಗಲ್ಲ, ಕುಂಡದ ಅಡಿಗೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಒಡೆದ ಹಂಚಿಗೆ ಬರ ಬಂದದ್ದಿಲ್ಲ. ಮೂರು ಚೂರು ಇಟ್ಟು ಅದರ ಮೇಲೆ ಕುಂಡ ಕೂರಿಸಿದರೆ ತಟ್ಟೆಯೇ ಬೇಡ.

ತಟ್ಟೆ ತೆಗೆಯಲು ಯಜಮಾನರು ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಒಪ್ಪಿಸಿದ್ದು ಗಿಡದ ಕಾರಣವಲ್ಲ, ಸೊಳ್ಳೆಯ ಕಾರಣ. ಡೆಂಗಿ ತರುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ಸಣ್ಣ ನೀರಿನಲ್ಲೇ. ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದೆ. ಮರಿಹುಳುಗಳು ಕುಣಿಯುತ್ತಿದ್ದವು. ಅಂದು ಸಂಜೆಯೇ ತಟ್ಟೆಗಳೆಲ್ಲ ಅಟ್ಟಕ್ಕೆ ಹೋದವು.

ಬಣ್ಣ ಎಲ್ಲಿಗೆ ಹೋಯಿತು

ಎಲೆ ಉದುರಿದ್ದಕ್ಕೆ ಕಾರಣ ಬೇರು. ಹಸಿರಾದದ್ದಕ್ಕೆ ಕಾರಣ ಅದಲ್ಲ. ಎರಡನ್ನೂ ಒಂದೇ ರೋಗ ಎಂದುಕೊಂಡರೆ ಮದ್ದು ತಪ್ಪುತ್ತದೆ.

ಎಲೆಯ ಹಸಿರು ಪತ್ರಹರಿತ್ತಿನದ್ದು. ಕೆಂಪು, ನೇರಳೆ ಆಂಥೋಸಯನಿನ್‌ನದ್ದು. ಹಳದಿ, ಕಿತ್ತಳೆ ಕ್ಯಾರೊಟಿನಾಯ್ಡ್‌ಗಳದ್ದು. ಕ್ರೋಟನ್‌ನಲ್ಲಿ ಮೂರೂ ಇವೆ. ಬೆಳಕು ಜಾಸ್ತಿ ಇದ್ದಾಗ ಗಿಡಕ್ಕೆ ಪತ್ರಹರಿತ್ತು ಅಷ್ಟೊಂದು ಬೇಡ. ಆಂಥೋಸಯನಿನ್ ಹೆಚ್ಚು ಕಟ್ಟಿಕೊಳ್ಳುತ್ತದೆ. ಅದು ಒಂದು ರೀತಿ ಎಲೆಗೆ ಬಿಸಿಲಿನಿಂದ ರಕ್ಷಣೆಯೂ ಹೌದು. ಬೆಳಕು ಕಡಿಮೆಯಾದರೆ ಸಿಕ್ಕಿದಷ್ಟನ್ನು ಹಿಡಿಯಲು ಪತ್ರಹರಿತ್ತು ಹೆಚ್ಚಾಗುತ್ತದೆ, ಉಳಿದ ಬಣ್ಣ ಅದರಡಿ ಮುಚ್ಚಿಹೋಗುತ್ತದೆ. 75 ಶೇಕಡದ ಬಲೆ ಅಂದರೆ ಕಾಲು ಭಾಗ ಬೆಳಕು ಮಾತ್ರ ಒಳಗೆ. ಅದೂ ದಿನಗಟ್ಟಲೆ ಸೂರ್ಯ ಕಾಣದ ಜುಲೈಯಲ್ಲಿ. ಇದರ ಮೇಲೆ ಸಾರಜನಕ ಇರುವ ಗೊಬ್ಬರ ಹಾಕಿದರೆ ಎಲೆ ಇನ್ನಷ್ಟು ಹಸಿರಾಗುತ್ತದೆ. ಸುಮ್ನೆ ದುಡ್ಡು ಕೊಟ್ಟು ಬಣ್ಣ ತೆಗೆಸಿದ ಹಾಗೆ.

ಅಗ್ಲೋನಿಮಾದ್ದು ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವ. ಆಗ್ನೇಯ ಏಷ್ಯಾದ ದಟ್ಟ ಕಾಡಿನ ನೆಲದಲ್ಲಿ, ಮರಗಳ ಅಡಿಯಲ್ಲಿ ಬೆಳೆದ ಕುಲ ಅದು. ಇಂದು ಪೇಟೆಯಲ್ಲಿ ಕಾಣುವ ಕೆಂಪು ತಳಿಗಳ ಹಾದಿ ತೆರೆದದ್ದು ಇಂಡೊನೇಷ್ಯಾದ ಸಸ್ಯತಜ್ಞ ಗ್ರೆಗೋರಿ ಹಂಬಾಲಿ. ಅವರ ‘ಪ್ರೈಡ್ ಆಫ್ ಸುಮಾತ್ರಾ’ ತಳಿ ಹೆಸರುವಾಸಿ. ಬಣ್ಣ ಕೆಂಪಾದರೂ ಗಿಡದ ಸ್ವಭಾವ ನೆರಳಿನದ್ದೇ. ಟೀಚರ್ ಮನೆಯಲ್ಲಿ ಅವು ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಗೇಟಿನ ಕಂಬದ ಮೇಲೆ ಕೂತು ತಿಂದಿದ್ದವು. ಎಲೆ ಬಿಳಚಿ, ಅಂಚು ಸುಟ್ಟು, ಆಮೇಲೆ ನೇರ ಮಳೆಗೆ ಸಿಕ್ಕಿ ಕಾಂಡ ಮೆತ್ತಗಾಗಿತ್ತು. ಬಿಸಿಲು ಬೇಕಾದವು ಬಲೆಯ ಅಡಿ, ನೆರಳು ಬೇಕಾದವು ಕಂಬದ ಮೇಲೆ!

ಪಾತಿಯ ಸಮಸ್ಯೆ ನೆಲದ್ದು. ಮನೆ ಕಟ್ಟುವಾಗ ಮೇಲ್ಮಣ್ಣನ್ನೆಲ್ಲ ಕೆರೆದು ಸಾಗಿಸಿದ್ದರು. ಉಳಿದದ್ದು ಗಟ್ಟಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಅದರಲ್ಲಿ ಒಂದೂವರೆ ಅಡಿ ಕಡಿದು, ಹೊರಗಿನಿಂದ ತಂದ ಕೆಂಪುಮಣ್ಣು ತುಂಬಿಸಿದ್ದರು. ಇಂಟರ್‌ಲಾಕ್ ಮೇಲೆ ಬಿದ್ದ ನೀರೆಲ್ಲ ಹರಿದು ಅಲ್ಲಿಗೇ ಬರುತ್ತಿತ್ತು. ಬಂದ ನೀರಿಗೆ ಹೋಗಲು ದಾರಿ ಇಲ್ಲ. ಮಳೆ ಬಿಟ್ಟ ಒಂದು ಹೊತ್ತಿನಲ್ಲಿ ಒಂದಡಿ ಗುಂಡಿ ತೋಡಿ ನೋಡಿದೆವು. ಮಾರನೆಯ ದಿನವೂ ಅದರಲ್ಲಿ ನೀರು ಹಾಗೇ ಇತ್ತು. ಕಾರ್ಡಿಲೈನ್ ಬುಡ ಕೊಳೆತದ್ದರಲ್ಲಿ ಆಶ್ಚರ್ಯ ಇಲ್ಲ. ಅಕಲಿಫಾ ಮಾತ್ರ ಏನೂ ಆಗದವರ ಹಾಗೆ ತಾಮ್ರದ ಬಣ್ಣದಲ್ಲಿ ನಿಂತಿತ್ತು. ಪೆಸಿಫಿಕ್ ದ್ವೀಪಗಳ ಗಿಡ ಅದು, ಗಟ್ಟಿ ಪಿಂಡ.

ಆಟಿಯಲ್ಲಿ ಮಾಡಿದ್ದು

ಮಳೆಯ ನಡುವೆ ಕುಂಡ ಬದಲಿಸುವುದು ಒಳ್ಳೆಯದಲ್ಲ. ಸೊರಗಿದ ಕ್ರೋಟನ್‌ಗೆ ಅದೊಂದು ಪೆಟ್ಟು. ಹಾಗಾಗಿ ಎಲ್ಲವನ್ನೂ ಮುಟ್ಟಲಿಲ್ಲ. ಬೇರು ಬೆಳ್ಳಗೆ, ಗಟ್ಟಿಯಾಗಿ ಇದ್ದವನ್ನು ಹಂಚಿನ ಚೂರಿನ ಮೇಲೆ ಎತ್ತಿ, ಪೂರ್ವದ ಗೋಡೆಯ ಮಾಡಿನ ಅಡಿಗೆ ಸರಿಸಿದೆವು. ಅಲ್ಲಿ ಬೆಳಕು ಉಂಟು, ಸುರಿಮಳೆ ಇಲ್ಲ.

ಕೊಳೆತವಕ್ಕೆ ಕಾಯುವ ಸಮಯ ಇರಲಿಲ್ಲ. ಬಕೆಟ್ ನೀರಿನಲ್ಲಿ ಅದ್ದಿ ಕಪ್ಪು ಉಂಡೆಯನ್ನು ಮೆತ್ತಗೆ ಕರಗಿಸಿದೆವು. ಕೊಳೆತ ಬೇರು ಕತ್ತರಿಸಿ, ಗಿಡದ ಮೇಲಿನ ಮೂರನೇ ಒಂದು ಭಾಗವನ್ನೂ ಕತ್ತರಿಸಿದೆವು. ಬೇರು ಕಡಿಮೆಯಾದ ಮೇಲೆ ಅಷ್ಟು ಎಲೆ ಸಾಕಲು ಗಿಡಕ್ಕೆ ಆಗುವುದಿಲ್ಲ. ಕ್ರೋಟನ್ ಹಾಲು ಕೆಲವರ ಚರ್ಮಕ್ಕೆ ಉರಿ ಮಾಡುತ್ತದೆ, ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು.

ಹೊಸ ಮಿಶ್ರಣ ಹೀಗೆ: ಎರಡು ಪಾಲು ಜರಡಿ ಹಿಡಿದ ಕೆಂಪು ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಒಂದು ಪಾಲು ದಪ್ಪ ಹೊಯಿಗೆ (ಮರಳು), ಒಂದು ಪಾಲು ಸುಡುಮಣ್ಣು. ಹೊಯಿಗೆ ಹೊಳೆಯದ್ದೇ ಆಗಬೇಕು. ಕಡಲಿನದ್ದು ಬೇಡ, ಉಪ್ಪು. ಸುಡುಮಣ್ಣು ನಮ್ಮ ಕಡೆ ತರಕಾರಿ ಮಾಡುವವರಿಗೆಲ್ಲ ಗೊತ್ತು. ತರಗೆಲೆ, ಕಸಕಡ್ಡಿ ಒಟ್ಟಿ ಮೇಲೆ ಮಣ್ಣು ಹಾಕಿ ನಿಧಾನಕ್ಕೆ ಸುಟ್ಟದ್ದು. ಅದರಲ್ಲಿ ಇದ್ದಿಲ ಚೂರು ಇರುತ್ತದೆ, ಮಣ್ಣು ಉದುರುದುರಾಗಿ ನಿಲ್ಲುತ್ತದೆ. ಹಟ್ಟಿಗೊಬ್ಬರಕ್ಕೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದೆವು. ಅದು ಕೊಳೆತ ಬೇರನ್ನು ಸರಿ ಮಾಡುವುದಿಲ್ಲ. ಹೊಸ ಬೇರಿಗೆ ಕಾವಲು, ಅಷ್ಟೇ.

ಪಕ್ಕದ ಮನೆಯವರು ಬೋರ್ಡೋ ಹೊಡೆಯಲು ಹೇಳಿದ್ದರು. ಅಡಿಕೆಗೆ ಅದು ಸರಿ. ಬಣ್ಣಕ್ಕಾಗಿಯೇ ಸಾಕಿದ ಎಲೆಯ ಮೇಲೆ ಮೈಲುತುತ್ತ ಮತ್ತು ಸುಣ್ಣದ ನೀಲಿ ಲೇಪ ಕೂತರೆ ನೋಡುವುದೇನು? ಬೇಡ ಎಂದೆ.

ಅಗ್ಲೋನಿಮಾ ಕಾಂಡವನ್ನು ಕೊಳೆತ ಜಾಗದಿಂದ ಮೇಲೆ, ಗಟ್ಟಿ ಸಿಗುವವರೆಗೆ ಕತ್ತರಿಸಿದೆವು. ಒಂದು ದಿನ ನೆರಳಿನಲ್ಲಿ ಗಾಯ ಒಣಗಿಸಿ, ಬರೀ ಹೊಯಿಗೆಯಲ್ಲಿ ನೆಟ್ಟು ಸಿಟೌಟಿನಲ್ಲಿ ಇಟ್ಟೆವು. ಕಾರ್ಡಿಲೈನ್ ತಲೆಗೂ ಇದೇ ಉಪಾಯ. ಅದರ ಉದ್ದ ಕಾಂಡವನ್ನು ಗೇಣುದ್ದ ತುಂಡು ಮಾಡಿ ಹೊಯಿಗೆಯಲ್ಲಿ ಅಡ್ಡ ಮಲಗಿಸಿದರೂ ಗಣ್ಣಿನಿಂದ ಚಿಗುರುತ್ತದೆ. ಒಂದು ಸತ್ತ ಗಿಡದಿಂದ ಮೂರು ಮರಿ. ಟೀಚರಿಗೆ ತುಂಬ ಇಷ್ಟವಾದ ಕೆಲಸ ಇದೇ.

ಕೋಲಿಯಸ್ ಉಳಿಸಲು ಹೋಗಲಿಲ್ಲ. ಹೆಚ್ಚಿನವು ನೀರಾಗಿ ಹೋಗಿದ್ದವು. ಉಳಿದ ತುದಿಗಳನ್ನು ಚಿವುಟಿ ನೀರಿನ ಲೋಟದಲ್ಲಿ ಇಟ್ಟೆವು, ಬೇರು ಬಂತು. ಕೋಲಿಯಸ್ ಅನ್ನು ಮಳೆಗಾಲದ ಮೊದಲು ಹೀಗೆ ತುದಿ ತೆಗೆದು ಒಳಗೆ ಇಟ್ಟುಕೊಳ್ಳುವ ಗಿಡ ಎಂದೇ ನಾನು ಲೆಕ್ಕ ಹಾಕುವುದು. ತಾಯಿಗಿಡದ ಆಸೆ ಬಿಡಬೇಕು.

ಬಸವನಹುಳು ಇನ್ನೊಂದು ಕಾಟ. ಮಳೆ ಶುರುವಾದರೆ ಆಫ್ರಿಕನ್ ಬಸವನಹುಳು ಕಂಪೌಂಡ್ ಹತ್ತಿ ಬರುತ್ತದೆ. ಒದ್ದೆ ಗೋಣಿಚೀಲದ ಅಡಿಯಲ್ಲಿ ಪಪ್ಪಾಯಿ ಎಲೆ ಹರಡಿ ಇಟ್ಟರೆ ರಾತ್ರಿ ಅಲ್ಲಿ ಸೇರುತ್ತವೆ. ಬೆಳಗ್ಗೆ ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕುವುದು. ಬರಿಗೈಯಲ್ಲಿ ಮುಟ್ಟಬಾರದು, ಮನುಷ್ಯರಿಗೆ ತೊಂದರೆ ಕೊಡುವ ಹುಳ ಅದರಲ್ಲಿ ಇರಬಹುದು. ಉಪ್ಪನ್ನು ನೇರ ಪಾತಿಗೆ ಎರಚುವುದಂತೂ ಬೇಡವೇ ಬೇಡ.

ಮಳೆ ನಿಂತ ಮೇಲೆ

ಅಕ್ಟೋಬರಿನಲ್ಲಿ ಪಾತಿ ಎತ್ತರಿಸಿದೆವು. ಇನ್ನೂ ಆಳ ಕಡಿಸುತ್ತೇನೆ ಎಂದು ಯಜಮಾನರು ಪಿಕ್ಕಾಸಿನವರನ್ನು ಗೊತ್ತು ಮಾಡಿದ್ದರು. ಗಟ್ಟಿ ಮುರಕಲ್ಲಿನಲ್ಲಿ ಆಳ ಮಾಡಿದಷ್ಟೂ ನಿಲ್ಲುವ ನೀರು ಜಾಸ್ತಿ. ಮೇಲಕ್ಕೆ ಹೋಗಬೇಕು, ಕೆಳಕ್ಕಲ್ಲ. ಮುರಕಲ್ಲನ್ನೇ ಎರಡು ವರಸೆ, ಸಿಮೆಂಟ್ ಹಾಕದೆ, ಸಂದು ಬಿಟ್ಟು ಜೋಡಿಸಿದೆವು. ಪಿಕ್ಕಾಸಿನವರ ಕೈಯಲ್ಲಿ ಪಾತಿಯ ತಳದಿಂದ ರಸ್ತೆಯ ಚರಂಡಿಯವರೆಗೆ ಒಂದು ಕಣಿ ಕಡಿಸಿದೆವು, ಅಡಿಕೆ ತೋಟದಲ್ಲಿ ಕಡಿಯುವ ಹಾಗೆ ಇಳಿಜಾರಾಗಿ. ಅಂಗಳದ ನೀರು ಪಾತಿಗೆ ಬರದೆ ಹೊರಗೇ ಹೋಗುವ ಹಾಗೆ ಒಂದು ಅಂಚು. ಇಡೀ ಪ್ರಕರಣದಲ್ಲಿ ಹೆಚ್ಚು ಖರ್ಚು ಆದದ್ದು ಇದಕ್ಕೆ. ಹೆಚ್ಚು ಫಲ ಕೊಟ್ಟದ್ದೂ ಇದೇ.

ನೆಟ್ಟದ್ದು ಹೀಗೆ. ಹಿಂದೆ ಅಕಲಿಫಾ, ನಡುವೆ ಬೇರು ಬಂದ ಕಾರ್ಡಿಲೈನ್ ಮತ್ತು ಚೇತರಿಸಿಕೊಂಡ ಕ್ರೋಟನ್ ಕೆಲವು, ಮುಂದೆ ರಿಯೋ. ಲೈಮ್ ಹಳದಿಯ ಪಕ್ಕ ಕಡು ಕೆಂಪು, ಅದರ ಪಕ್ಕ ಚುಕ್ಕಿ ಎಲೆ ಅಂತ ಟೀಚರ್ ಆಸೆಪಟ್ಟರು. ಅಷ್ಟೊಂದು ಬಣ್ಣ ಒಟ್ಟಿಗೆ ಹಾಕಿದರೆ ಯಾವುದೂ ಕಾಣುವುದಿಲ್ಲ. ನಡುವೆ ಬರೀ ಹಸಿರಿನ ಗಿಡವೂ ಇರಲಿ ಎಂಬುದು ನನ್ನ ಅಭಿಪ್ರಾಯ. ಅವರು ಒಪ್ಪಲಿಲ್ಲ, ಅಂಗಳ ಅವರದ್ದು.

ಬಲೆಯ ಅಡಿಯಲ್ಲಿದ್ದ ಕ್ರೋಟನ್‌ಗಳನ್ನು ಒಮ್ಮೆಲೇ ಬಿಸಿಲಿಗೆ ತರಲಿಲ್ಲ. ಮಳೆ ಬಿಟ್ಟ ಮೇಲಿನ ನಮ್ಮ ಅಕ್ಟೋಬರ್ ಬಿಸಿಲು ಕಡಿಮೆಯದ್ದಲ್ಲ, ನೆರಳಿನಲ್ಲಿ ಬೆಳೆದ ಎಲೆ ಒಂದೇ ದಿನದಲ್ಲಿ ಸುಡುತ್ತದೆ. ಮೊದಲು ಬೆಳಗಿನ ಒಂದೆರಡು ಗಂಟೆ, ಮತ್ತೆ ಸ್ವಲ್ಪ ಜಾಸ್ತಿ, ಹೀಗೆ ಎರಡು ಮೂರು ವಾರ. ಪೆಟ್ರಾದಂಥ ತಳಿಯಲ್ಲಿ ಚಿಗುರು ಹಳದಿ ಹಸಿರಾಗಿಯೇ ಬರುವುದು, ಎಲೆ ಬಲಿತಂತೆ ಕೆಂಪು ಏರುತ್ತದೆ. ಇದು ಗೊತ್ತಿಲ್ಲದೆ “ಇನ್ನೂ ಹಸಿರೇ ಬರ್ತಾ ಉಂಟಲ್ಲ” ಎಂದು ಟೀಚರ್ ಮತ್ತೊಮ್ಮೆ ಗೊಬ್ಬರದ ಡಬ್ಬಿ ತೆಗೆದಿದ್ದರು. ಡಿಸೆಂಬರ್ ಹೊತ್ತಿಗೆ ಬಣ್ಣ ಬಂತು.

ಅದೇ ಡಿಸೆಂಬರಿನಲ್ಲಿ ಕೆಲಾಡಿಯಂ ಮಲಗಿತು. ಮಳೆಯಲ್ಲಿ ಎಲ್ಲ ಗಿಡ ಸೊರಗಿದಾಗ ಇದೊಂದೇ ಸೊಕ್ಕಿನಿಂದ ಇದ್ದದ್ದು. ಈಗ ಎಲೆ ಒಂದೊಂದೇ ಹಳದಿಯಾಗಿ ಬಿತ್ತು. ಟೀಚರ್ ಎರಡು ಹೊತ್ತು ನೀರು ಹಾಕತೊಡಗಿದರು. ಅದು ರೋಗವಲ್ಲ, ನಿದ್ದೆ. ದಕ್ಷಿಣ ಅಮೆರಿಕದ ಗಡ್ಡೆಗಿಡ ಇದು. ಒಣ ತಿಂಗಳುಗಳಲ್ಲಿ ಗಡ್ಡೆಯೊಳಗೆ ಮಲಗಿಬಿಡುತ್ತದೆ. ಆಗ ನೀರು ಹಾಕಿದರೆ ಗಡ್ಡೆ ಕೊಳೆಯುತ್ತದೆ. ಕುಂಡ ಸಮೇತ ಮೆಟ್ಟಿಲ ಅಡಿಯಲ್ಲಿ ಒಣಗಲು ಬಿಟ್ಟೆವು. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಆಸುಪಾಸು, ಹೊಸ ಮಣ್ಣಿನಲ್ಲಿ ಕಣ್ಣು ಮೇಲಾಗಿ ಎರಡಿಂಚು ಆಳಕ್ಕೆ ನೆಟ್ಟೆವು. ಮೊದಲ ಮಳೆಗೆ ಎದ್ದಿತು.

ಕೆಲಾಡಿಯಂ ವಿಷಯದಲ್ಲಿ ಒಂದು ಎಚ್ಚರಿಕೆ. ಇವರ ಹಿತ್ತಲಲ್ಲಿ ಪತ್ರೊಡೆಗೆ ಅಂತ ಕೆಸು ಬೆಳೆಸಿದ್ದಾರೆ. ಕೆಲಾಡಿಯಂ ಕುಂಡಗಳನ್ನು ಮಳೆಗೆ ಅಲ್ಲೇ ಸಾಲಾಗಿ ಇಟ್ಟಿದ್ದರು. ಎರಡೂ ಒಂದೇ ಕುಟುಂಬದ ಗಿಡ, ಎಲೆಯ ಆಕಾರವೂ ಹತ್ತಿರ ಹತ್ತಿರ. ಕೆಸುವಿನ ತುರಿಕೆಯನ್ನು ಹುಳಿ ಹಾಕಿ ಬೇಯಿಸಿ ನಾವು ಗೆಲ್ಲುತ್ತೇವೆ. ಕೆಲಾಡಿಯಂ ಅಡುಗೆಯ ಗಿಡವೇ ಅಲ್ಲ. ಅದರ ಆಕ್ಸಲೇಟ್ ಹರಳು ಬಾಯಿ, ಗಂಟಲು ಉರಿಸಿ ಊದಿಸುತ್ತದೆ. ಬಣ್ಣ ಕಡಿಮೆ ಇರುವ ಎಲೆಯನ್ನು ಮಳೆಯ ಮಬ್ಬಿನಲ್ಲಿ ಯಾರಾದರೂ ಕೊಯ್ದರೆ? ಕುಂಡಗಳು ಮುಂದಿನ ಅಂಗಳಕ್ಕೆ ಬಂದವು.

ಮುಂದಿನ ಮಳೆ

ಎರಡನೇ ಮಳೆಗಾಲ ಕಳೆದಿದೆ. ಕ್ರೋಟನ್‌ನಲ್ಲಿ ನಾಲ್ಕು ಸತ್ತವು, ಎಲ್ಲ ಮೊದಲ ವರ್ಷದ ಕೊಳೆಯವೇ. ಈ ವರ್ಷ ಒಂದೂ ಹೋಗಲಿಲ್ಲ. ಜುಲೈ, ಆಗಸ್ಟಿನಲ್ಲಿ ಬಣ್ಣ ಸ್ವಲ್ಪ ಮಂಕಾಗುವುದು ಇದ್ದೇ ಇದೆ, ಮೋಡದ ಮೇಲೆ ನಮ್ಮ ಅಧಿಕಾರ ಇಲ್ಲ. ಒಂದು ಚುಕ್ಕಿ ಎಲೆಯ ಗಿಡದಲ್ಲಿ ಪೂರ್ತಿ ಹಸಿರಿನ ಕೊಂಬೆ ಎದ್ದಿತ್ತು. ಅಂಥದ್ದು ಜೋರಾಗಿ ಬೆಳೆದು ಬಣ್ಣದ ಕೊಂಬೆಗಳನ್ನು ಹಿಂದೆ ಹಾಕುತ್ತದೆ, ಬುಡದಿಂದಲೇ ತೆಗೆಸಿದೆ. ಬೇಸಗೆಯಲ್ಲಿ ಮಾಡಿನ ಅಡಿಯ ಕ್ರೋಟನ್‌ಗಳಿಗೆ ನುಸಿ ಬಂದಿತ್ತು. ಎಲೆಯ ಅಡಿಗೆ ಪೈಪಿನಲ್ಲಿ ನೀರು ಹೊಡೆದೇ ಹತೋಟಿಗೆ ತಂದರು.

ಕಾರ್ಡಿಲೈನ್ ಬುಡ ಗಟ್ಟಿಯಾಗಿದೆ, ಆದರೆ ಗೇಟಿನ ಬದಿಯ ಎರಡು ಗಿಡಕ್ಕೆ ಏಪ್ರಿಲ್‌ನಲ್ಲಿ ಎಲೆ ತುದಿ ಸುಡುತ್ತದೆ. ಅಲ್ಲಿ ಮಧ್ಯಾಹ್ನದ ಬಿಸಿಲಿನ ಜೊತೆ ಇಂಟರ್‌ಲಾಕ್‌ನ ಕಾವೂ ಸೇರುತ್ತದೆ. ಅವುಗಳ ಜಾಗಕ್ಕೆ ಅಕಲಿಫಾ ಮುಂದುವರಿಸಿ, ಅವನ್ನು ಪೂರ್ವಕ್ಕೆ ಸರಿಸುವುದು ಎಂದು ಮಾತಾಗಿದೆ. ನೆರಳುಬಲೆ ಈಗ 50 ಶೇಕಡದ್ದು, ಅದೂ ಮಾರ್ಚ್‌ನಿಂದ ಮೇವರೆಗೆ ಕೋಲಿಯಸ್ ಇರುವ ಮೂಲೆಗೆ ಮಾತ್ರ.

ಅಗ್ಲೋನಿಮಾ ಮೂರರಲ್ಲಿ ಎರಡು ಉಳಿದು, ಪಕ್ಕದಲ್ಲಿ ಮರಿ ಹಾಕಿವೆ. ಸಿಟೌಟಿನಲ್ಲಿ ಇನ್ನು ಎರಡು ಕುಂಡಕ್ಕಷ್ಟೇ ಜಾಗ ಉಂಟು. ಟೀಚರ್ ಆಗಲೇ ಐದಕ್ಕೆ ಆರ್ಡರ್ ಮಾಡಿದ್ದಾರೆ. ಉಳಿದ ಮೂರನ್ನು ಊಟದ ಕೋಣೆಯ ಉತ್ತರದ ಕಿಟಕಿಯ ಹತ್ತಿರ ಇಡಲು ಹೇಳಿದ್ದೇನೆ. ಬಂದ ಕೂಡಲೇ ಉಂಡೆ ಬಿಡಿಸಿ ಮಣ್ಣು ನೋಡಲೂ ಹೇಳಿದ್ದೇನೆ.